ಅಕ್ಕನ ಬ್ಯಾಟರಿ ಹಾಸ್ಟೆಲ್

ನಮ್ಮಕ್ಕ ಟೈಲರ್. ಹೊಸ ಬಟ್ಟೆ ಹೊಲಿದು ಹೆಸರು ಮಾಡುವ ಟೈಲರ್ ಅಲ್ಲ, ರಿಪೇರಿ ಟೈಲರ್. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ದಪ್ಪಗಾದವರಿಗೆ ಸೊಂಟ ಬಿಡಿಸಿಕೊಡುವುದು, ಇನ್ನೇನು ಸಣ್ಣಗಾಗುತ್ತೇನೆ ಎಂದು ಹಟ ಹಿಡಿದವರಿಗೆ ಸೊಂಟ ಹಿಡಿಸಿಕೊಟ್ಟು ಆಮೇಲೆ ಸದ್ದಿಲ್ಲದೆ ಮತ್ತೆ ಬಿಡಿಸಿಕೊಡುವುದು. ಅಂಗಡಿಯಲ್ಲಿ ಎರಡು ಮಿಷನ್ನು. ಒಂದರ ಮುಂದೆ ಅವಳು, ಇನ್ನೊಂದರ ಮುಂದೆ ಅವಳ ತಂಗಿಯಾದ ನಾನು. ಗಿರಾಕಿಗಳ ಜೊತೆ ಮಾತಾಡುವ ಕೆಲಸ ನನ್ನದಲ್ಲ. "ನೀನು ಬಾಯಿ ಬಿಟ್ರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ ಕಣೇ" ಎಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದಾಳೆ. ನಾನೇನು ಮಾಡಲಿ? ಸುಳ್ಳು ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಸೊಂಟದ ಅಳತೆ ವಿಷಯದಲ್ಲಿ ಸುಳ್ಳು ಹೇಳದ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

ಅಂಗಡಿಯ ಹಿಂದೆ ಒಂದು ಸಣ್ಣ ಕೋಣೆ, ಅದರ ಹಿಂದೆ ಹಿತ್ತಿಲು. ಕೋಣೆಯಲ್ಲಿ ಗೋಡೆಯುದ್ದಕ್ಕೂ ಸಿಮೆಂಟಿನ ಕಟ್ಟೆ. ಮೊದಲು ಅಲ್ಲಿ ಬಟ್ಟೆ ಚೂರುಗಳ ಮೂಟೆ ಇರುತ್ತಿತ್ತು. ಈಗ ಅಲ್ಲಿ ಬೇರೆಯವರ ಬ್ಯಾಟರಿಗಳು ವಾಸವಾಗಿವೆ. ಊರಾಚೆಯ ಬಯಲಿನಲ್ಲಿ ರಿಮೋಟ್ ಹಿಡಿದು ಆಟಿಕೆ ವಿಮಾನ ಹಾರಿಸುವ ಒಂದು ಗುಂಪಿದೆ. ಆಟಿಕೆ ಎಂದರೆ ಅವರಿಗೆ ಸಿಟ್ಟು ಬರುತ್ತದೆ, ಆದ್ದರಿಂದ ನಾನು ಆಟಿಕೆ ಎಂದೇ ಅನ್ನುತ್ತೇನೆ. ಆ ವಿಮಾನಗಳ ಬ್ಯಾಟರಿಗಳನ್ನು ನೋಡಿಕೊಳ್ಳುವವಳು ನಮ್ಮಕ್ಕ. ಬೆಣ್ಣೆಕಾಗದದಲ್ಲಿ ಸುತ್ತಿದ ಸಾಬೂನಿನಷ್ಟು ದಪ್ಪ, ಎರಡು ದಪ್ಪ ತಂತಿ, ಪಕ್ಕದಲ್ಲಿ ಒಂದು ಪುಟ್ಟ ಬಿಳಿ ಪ್ಲಗ್ಗು, ಇಷ್ಟೇ ಆ ಮಹಾರಾಯರ ಆಕಾರ.

ಇದು ಶುರುವಾದದ್ದು ಡ್ರೈವಿಂಗ್ ಮೇಷ್ಟ್ರಿಂದ. ನಮ್ಮ ಬೀದಿಯ ತುದಿಯಲ್ಲಿ ಕಾರು ಕಲಿಸುವ ಸ್ಕೂಲು ಅವರದು. ಇಸ್ತ್ರಿ ಮುರಿಯದ ಅಂಗಿ, ಘಮಘಮ ಸೆಂಟು, ಸದಾ ತಿರುವಿದ ಮೀಸೆ. ಒಂದು ದಿನ ಬೆಂಕಿಗೆ ಜಗ್ಗದ ಗಾಜಿನೆಳೆಯ ಬಟ್ಟೆ ತಂದು, ಬ್ಯಾಟರಿ ಇಡಲು ಚೀಲ ಹೊಲಿದು ಕೊಡಿ ಅಂದರು. ಅಕ್ಕ ಹೊಲಿದಳು. ಆದರೆ ಒಳಗೆ ಏನಿಡುತ್ತಾರೆ, ಯಾಕೆ ಇಡುತ್ತಾರೆ ಎಂದು ತಿಳಿಯದೆ ಅವಳು ಒಂದು ಜೇಬನ್ನೂ ಹೊಲಿಯುವವಳಲ್ಲ. ಮೇಷ್ಟ್ರನ್ನು ಕೂರಿಸಿಕೊಂಡು ಕೇಳಿದಳು, ಕೇಳಿದಳು, ಅವರಿಗೆ ಗೊತ್ತಿದ್ದದ್ದೆಲ್ಲ ಮುಗಿಯುವ ತನಕ ಕೇಳಿದಳು.

ಸಂಜೆ ಆ ಚೀಲದ ಒಂದು ಮೂಲೆಯನ್ನು ಒಲೆಯ ಉರಿಗೆ ಹಿಡಿದು ನೋಡಿದಳು. ಬಟ್ಟೆಗೆ ಏನೂ ಆಗಲಿಲ್ಲ, ನಿಜ. ಹೊಲಿಗೆ ಮಾತ್ರ ಚರ್ರೆಂದು ಸುಟ್ಟು, ಚೀಲ ಬಾಯಿ ಬಿಟ್ಟುಕೊಂಡಿತು. ಬೆಂಕಿಗೆ ಜಗ್ಗದ ಬಟ್ಟೆಯನ್ನು ಮಾಮೂಲಿ ನೂಲಿನಲ್ಲಿ ಹೊಲಿದಿದ್ದಳು ನಮ್ಮ ಜಾಣೆ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ. "ನಗಬೇಡ ಕಣೇ, ಈ ಹೊಲಿಗೆ ನಂಬಿ ಒಬ್ಬರ ಮನೆ ಸುಟ್ಟು ಹೋಗ್ತಿತ್ತು" ಅಂದಳು.

ಆ ಸುಟ್ಟ ವಾಸನೆಗೆ ಮಾವ ಮಹಡಿಯಿಂದ ಇಳಿದು ಬಂದರು. ಮಾವ ಎಂದರೆ ನಮ್ಮ ಸೋದರಮಾವ, ಅಮ್ಮನ ತಮ್ಮ. ಕಟ್ಟಡ ಅವರದೇ. ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾದವರು, ಅವರ ಮೂಗು ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಪಕ್ಕದ ಮನೆಯಲ್ಲಿ ಹಾಲು ಉಕ್ಕಿದರೆ ಇವರಿಗೆ ಗೊತ್ತಾಗುತ್ತದೆ. ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬಟ್ಟೆ ಸರಿ, ನೂಲು ಯಾವನು ಕೊಟ್ಟ?" ಎಂದು ಗದರಿ ಹೋದರು. ಮರುದಿನ ತಮ್ಮ ಹಳೆಯ ಠಾಣೆಯ ದರ್ಜಿಯ ಹತ್ತಿರ ಹೋಗಿ, ಬೆಂಕಿಕೋಟು ಹೊಲಿಯುವ ನೂಲಿನ ಉರುಳೆ ತಂದು ಅಕ್ಕನ ಮಿಷನ್ ಮೇಲೆ ಕುಕ್ಕಿದರು. ಬೈಯುತ್ತಲೇ ತಂದುಕೊಡುವುದು ಅವರ ಕ್ರಮ.

ಚೀಲ ಚೆನ್ನಾಯಿತು ಎಂಬ ಸುದ್ದಿ ಬಯಲಿಗೆ ಮುಟ್ಟಿತು, ಹಾರಿಸುವವರೆಲ್ಲ ಬಂದರು. ಬೇಕರಿಯವರು, ಪೋಸ್ಟ್‌ಮ್ಯಾನ್, ಕಣ್ಣಿನ ಡಾಕ್ಟರು. ಚೀಲ ಹೊಲಿಸಲು ಬಂದವರ ಉಬ್ಬಿದ ಬ್ಯಾಟರಿ ನೋಡಿ ಅಕ್ಕನಿಗೆ ಕರುಳು ಚುರಕ್ ಎಂದಿತು. ಈ ಬ್ಯಾಟರಿಗಳ ಸ್ವಭಾವವೇ ವಿಚಿತ್ರ. ಪೂರ್ತಿ ತುಂಬಿಸಿ ವಾರಗಟ್ಟಲೆ ಇಟ್ಟರೆ ಉಬ್ಬಿಕೊಳ್ಳುತ್ತವೆ. ಪೂರ್ತಿ ಖಾಲಿ ಮಾಡಿದರೆ ಸತ್ತೇ ಹೋಗುತ್ತವೆ. ಕೆಲಸ ಇಲ್ಲದಾಗ ಅರ್ಧ ಹೊಟ್ಟೆಯಲ್ಲಿ ತಣ್ಣಗೆ ಮಲಗಿಸಬೇಕು, ಹಾರಿಸುವ ದಿನ ಬೆಳಿಗ್ಗೆ ಮಾತ್ರ ಹೊಟ್ಟೆ ತುಂಬಿಸಬೇಕು. ಈ ಗಂಡಸರೋ, ಶನಿವಾರ ತುಂಬಿಸುವುದು, ಭಾನುವಾರ ಗಾಳಿ ಜೋರಾಯಿತೆಂದು ಮನೆಯಲ್ಲೇ ಉಳಿಯುವುದು, ತುಂಬಿದ ಬ್ಯಾಟರಿಯನ್ನು ಬೀರುವಿನೊಳಗೆ ಎಸೆದು ಮರೆತುಬಿಡುವುದು. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಅಕ್ಕ ಎಲ್ಲರಿಗೂ ಹೇಳತೊಡಗಿದಳು. ಮೊದಲ ಅರ್ಧ ಬ್ಯಾಟರಿಗೆ, ಎರಡನೆಯ ಅರ್ಧ ನನಗೆ.

ಹೇಳಿ ಹೇಳಿ ಸಾಕಾಗಿ, "ಇಲ್ಲೇ ಬಿಟ್ಟು ಹೋಗಿ, ನಾನೇ ನೋಡ್ಕೋತೀನಿ" ಅಂದಳು. ಹಾಗೆ ಹಾಸ್ಟೆಲ್ ತೆರೆಯಿತು. ಅರ್ಧ ಹೊಟ್ಟೆಯವಕ್ಕೆ ಹಸಿರು ಗುಂಡಿ, ತುಂಬಿದವಕ್ಕೆ ಕೆಂಪು ಗುಂಡಿ, ಚೀಲಕ್ಕೆ ಹೊಲಿದ ಕುಣಿಕೆಗೆ ಸಿಕ್ಕಿಸುತ್ತಾಳೆ. ಒಂದು ಬ್ಯಾಟರಿಯೊಳಗೆ ಮೂರು ನಾಲ್ಕು ಮನೆಗಳಿರುತ್ತವಂತೆ, ಆ ಬಿಳಿ ಪ್ಲಗ್ಗಿನಿಂದ ಪ್ರತಿ ಮನೆಗೂ ಸಮನಾಗಿ ಬಡಿಸಬೇಕಂತೆ. ಒಂದು ಮನೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆಯಾದರೆ ಅಲ್ಲಿಂದಲೇ ರಗಳೆ ಶುರು. ನಿಧಾನಕ್ಕೆ ತುಂಬಿಕೊಳ್ಳುವ ಒಂದಕ್ಕೆ ಸೋಮಾರಿ ಎಂದು ಹೆಸರು, ಸ್ವಲ್ಪ ಉಬ್ಬಿದ್ದಕ್ಕೆ ಗುಂಡಣ್ಣ. ಗುಂಡಣ್ಣನಿಗೆ ರಜೆ ಕೊಟ್ಟು ಕಳಿಸುವಾಗ ಅಕ್ಕ ಮೂಗು ಒರೆಸಿಕೊಂಡಳು. ನನ್ನ ಹುಟ್ಟುಹಬ್ಬವನ್ನು ಮರೆಯುವವಳು ಇವಳೇ!

ಬಾಗಿಲಲ್ಲಿ ಅವಳು ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಬಿತ್ತಾ?" ವಿಮಾನ ಬಿದ್ದು ಪೆಟ್ಟು ತಿಂದ ಬ್ಯಾಟರಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಹರಿದಿರಬಹುದು, ದಿನಗಳ ಮೇಲೆ ಹೊತ್ತಿಕೊಳ್ಳಬಹುದು. ಬಿದ್ದದ್ದಾದರೆ ಒಳಗೆ ಪ್ರವೇಶವಿಲ್ಲ, ಹಿತ್ತಿಲಿನ ಮರಳಿನ ತೊಟ್ಟಿಯಲ್ಲಿ ಒಂದು ವಾರ ವನವಾಸ. ಆದರೆ ಹಾರಿಸುವವರ ಬಾಯಲ್ಲಿ "ಬಿತ್ತು" ಎಂಬ ಮಾತು ಬರುವುದುಂಟೇ? "ಸ್ವಲ್ಪ ಬೇಗ ಇಳೀತು" ಅನ್ನುತ್ತಾರೆ. "ಗಾಳಿ ಎಳ್ಕೊಂಡ್ತು" ಅನ್ನುತ್ತಾರೆ. ಪೋಸ್ಟ್‌ಮ್ಯಾನ್ ಒಮ್ಮೆ "ಮರ ಅಡ್ಡ ಬಂತು" ಅಂದ. ಮರ ಎಲ್ಲಿಂದ ಬಂತಪ್ಪಾ, ಬಸ್ಸಿನಲ್ಲಾ?

ಹಾಸ್ಟೆಲ್ ವಿಷಯ ಗೊತ್ತಾದ ದಿನ ಮಾವ ಕೆಂಡಾಮಂಡಲವಾದರು. "ಮಡಿಲಲ್ಲಿ ಕೆಂಡ ಕಟ್ಕೊಂಡು ಕೂತಿದ್ದೀಯಲ್ಲೇ! ಬಟ್ಟೆ ಅಂಗಡಿ ಇದು, ಹತ್ತಿ ಗೋದಾಮು ಇದ್ದ ಹಾಗೆ. ಒಂದು ಕಿಡಿ ಸಾಕು." ಅಕ್ಕ ವಾದ ಮಾಡಲಿಲ್ಲ. ಸಿಮೆಂಟಿನ ಕಟ್ಟೆ ತೋರಿಸಿದಳು, ಚೀಲ ತೋರಿಸಿದಳು, ಮರಳು, ಉದ್ದ ಇಕ್ಕಳ ತೋರಿಸಿದಳು. ಚಾರ್ಜರಿಗೆ ಹಾಕಿದ ಬ್ಯಾಟರಿಯನ್ನು ಒಂಟಿಯಾಗಿ ಬಿಟ್ಟು ಅಲ್ಲಾಡುವುದಿಲ್ಲ ಎಂದಳು. ಮಾವ ಚೀಲದ ಹೊಲಿಗೆಯನ್ನು ಎಳೆದೆಳೆದು ನೋಡಿದರು.

"ಸರಿ, ಒಂದು ಮಾತು. ಒಂದೇ ಒಂದು ಸಲ ಇಲ್ಲಿ ಹೊಗೆ ಕಂಡ್ರೆ, ಅವತ್ತೇ ಇದು ಬಂದ್. ಒಪ್ಪಿಗೇನಾ?"

"ಒಪ್ಪಿಗೆ ಮಾವ" ಅಂದಳು ಅಕ್ಕ. ಕೊಟ್ಟ ಮಾತಿಗೆ ಅವಳು ಹೇಗೆಂದರೆ, ಬುಧವಾರ ಕೊಡುತ್ತೇನೆಂದ ಪ್ಯಾಂಟನ್ನು ಜ್ವರದಲ್ಲಿ ಎದ್ದು ಕೂತು ಹೊಲಿದು ಬುಧವಾರವೇ ಕೊಟ್ಟವಳು.

ಈ ಹಾಸ್ಟೆಲ್ ಅವಳಿಗೆ ಎಷ್ಟು ಬೇಕಿತ್ತು ಎಂಬುದು ನನಗೆ ಗೊತ್ತು. ಪ್ಯಾಂಟು ಗಿಡ್ಡ ಮಾಡಿಸಿಕೊಂಡು ಹೋದವರು ಯಾರಾದರೂ ತಿರುಗಿ ಬಂದು "ಅಕ್ಕಾ, ಎಂಥಾ ಮಡಿಕೆ ಹಾಕಿದ್ದೀರಿ!" ಅಂದದ್ದುಂಟೇ? ನಮ್ಮ ಕೆಲಸ ಚೆನ್ನಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಭಾನುವಾರ ಅಂಗಡಿಗೆ ರಜೆ, ಅಕ್ಕ ಮಡಚುವ ಕುರ್ಚಿ ಹಿಡಿದು ಬಯಲಿಗೆ ಹೋಗುತ್ತಾಳೆ. ಎಲ್ಲರೂ ಸಾಲಾಗಿ ಬಂದು ಅವಳ ಕೈಯಿಂದ ಕೆಂಪು ಗುಂಡಿಯ ಚೀಲ ಇಸಿದುಕೊಳ್ಳುತ್ತಾರೆ. ವಿಮಾನ ಮೇಲೆದ್ದು ಸೂರ್ಯನ ಕಡೆ ತಿರುಗಿದಾಗ ಅವಳು ಕೈ ಅಡ್ಡ ಹಿಡಿದು ನೋಡುತ್ತಾಳೆ. "ನೋಡೇ, ನಮ್ಮ ಸೋಮಾರಿ ಹೆಂಗೆ ಹೊತ್ಕೊಂಡು ಹೋಗ್ತಿದ್ದಾನೆ!" ಎಂದು ನನ್ನ ತೊಡೆಗೆ ಹೊಡೆಯುತ್ತಾಳೆ. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದು ಒಂದು ಸೋಮವಾರ. ಡ್ರೈವಿಂಗ್ ಮೇಷ್ಟ್ರು ಬ್ಯಾಟರಿ ಹಿಡಿದು ಬಂದರು. ಆ ಭಾನುವಾರ ಅವರು ಬಯಲಿಗೆ ಬಂದಿರಲಿಲ್ಲ. ಶನಿವಾರವೇ ಬ್ಯಾಟರಿ ಒಯ್ದು, ಗುಂಪಿನವರಿಲ್ಲದಾಗ ಹಾರಿಸಿದ್ದರಂತೆ. ಅಕ್ಕ ಎಂದಿನಂತೆ ಬ್ಯಾಟರಿಯನ್ನು ಮೂಗಿಗೆ ಹಿಡಿದಳು. ಒಳಗೆ ಹರಿದಿದ್ದರೆ ಸಿಹಿಸಿಹಿ ವಾಸನೆ ಬರುತ್ತದೆ, ಕೊಳೆತ ಹಣ್ಣಿನ ಹಾಗೆ. ಆದರೆ ಇದಕ್ಕೆ ಮೇಷ್ಟ್ರದೇ ಸೆಂಟು ಮೆತ್ತಿತ್ತು. ಕರ್ಚೀಫಿನಲ್ಲಿ ಚೆನ್ನಾಗಿ ತಿಕ್ಕಿ ಒರೆಸಿಕೊಂಡು ತಂದಿದ್ದರು.

"ಏನ್ ಮೇಷ್ಟ್ರೇ, ಬ್ಯಾಟರಿಗೂ ಸೆಂಟಾ?"

"ನಿಮ್ಮ ಹತ್ರ ಬರೋದಲ್ವಾ ಅಕ್ಕಾ, ಸ್ವಚ್ಛವಾಗಿ ಬರ್ಲಿ ಅಂತ."

"ಬಿತ್ತಾ?"

"ಅಯ್ಯೋ, ನನ್ನ ಕೈಲಿ ವಿಮಾನ ಬೀಳುತ್ತಾ? ಊರಿಗೆಲ್ಲ ಸ್ಟೀರಿಂಗ್ ಹಿಡಿಯೋದು ಕಲಿಸಿದವನು ನಾನು!"

ಅಕ್ಕ ಮೀಟರು ಹಚ್ಚಿದಳು. ಎಲ್ಲ ಮನೆಗಳೂ ಸಮನಾಗಿದ್ದವು, ಆದರೆ ಹೊಟ್ಟೆ ಹೆಚ್ಚುಕಮ್ಮಿ ತುಂಬಿಯೇ ಇತ್ತು. ಹಾರಿಸಲಿಲ್ಲವೇ ಎಂದು ಕೇಳಿದ್ದಕ್ಕೆ, ಗಾಳಿ ಇತ್ತು, ಬೇಗ ಇಳಿಸಿಬಿಟ್ಟೆ ಎಂದರು. ಮಾತು ನಂಬಿ ಅಕ್ಕ ಅದನ್ನು ಮರಳಿಗೆ ಹಾಕದೆ ಒಳಗೆ ತಂದಳು. ಚೀಲದೊಳಗಿಟ್ಟು, ಅರ್ಧಕ್ಕೆ ಇಳಿಸಲೆಂದು, ತುಂಬಿಸಲೂ ಇಳಿಸಲೂ ಬರುವ ಚಾರ್ಜರಿಗೆ ಸಿಕ್ಕಿಸಿ, ಪಕ್ಕದಲ್ಲೇ ಕೂತು ಒಂದು ಕೋಟಿನ ತೋಳು ಬಿಚ್ಚತೊಡಗಿದಳು.

ಮಧ್ಯಾಹ್ನ ಊಟ ಮುಗಿದ ಮೇಲಿನ ಹೊತ್ತು. ನಾನು ಮುಂದೆ ಜಿಪ್ ಹಚ್ಚುತ್ತಿದ್ದೆ. ಒಳಗಿನಿಂದ ಬುಸ್ ಎಂದು ಸದ್ದು. ಕುಕ್ಕರ್ ಅಂದುಕೊಂಡೆ, ಆಮೇಲೆ ನಮ್ಮ ಅಂಗಡಿಯಲ್ಲಿ ಕುಕ್ಕರೇ ಇಲ್ಲ ಎಂಬುದು ನೆನಪಾಯಿತು. ಅಷ್ಟರಲ್ಲಿ "ಹೊರಗೆ ಹೋಗೇ!" ಎಂದು ಅಕ್ಕ ಕೂಗಿದಳು. ಚಾರ್ಜರಿನ ತಂತಿ ಕಿತ್ತುಹಾಕಿದ್ದಳು. ಚೀಲ ಉಬ್ಬಿ, ಅದರ ಬಾಯಿಯಿಂದ ಕಪ್ಪು ಹೊಗೆ ಗೋಡೆಗೆ ರಾಚುತ್ತಿತ್ತು. ಅಕ್ಕ ಇಕ್ಕಳಕ್ಕೆ ಕೈ ಹಾಕುವಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಮಾವ ನುಗ್ಗಿದರು. ಒಂದು ಕಾಲಲ್ಲಿ ತಮ್ಮ ಚಪ್ಪಲಿ, ಇನ್ನೊಂದರಲ್ಲಿ ಅತ್ತೆಯ ಚಪ್ಪಲಿ, ಮೂಗಿಗೆ ಒದ್ದೆ ಟವೆಲು. ಅಕ್ಕನನ್ನು ಪಕ್ಕಕ್ಕೆ ತಳ್ಳಿ, ಇಕ್ಕಳದಲ್ಲಿ ಚೀಲ ಎತ್ತಿ, ಹಿತ್ತಿಲಿನ ತೊಟ್ಟಿಗಿಟ್ಟು ಮೇಲೆ ಬಕೆಟ್ ಮರಳು ಸುರಿದರು. "ದೂರ ನಿಲ್ಲಿ, ಆ ಹೊಗೆ ಕುಡೀಬೇಡಿ" ಎಂದರು. ಮರಳೊಳಗೆ ಅದು ಇನ್ನಷ್ಟು ಹೊತ್ತು ಗುಸುಗುಟ್ಟಿ ಸುಮ್ಮನಾಯಿತು.

ಯಾರಿಗೂ ಒಂದು ಬೊಬ್ಬೆ ಕೂಡ ಏಳಲಿಲ್ಲ. ಗೋಡೆ ಮಸಿಯಾಯಿತು, ಆ ಕೋಟು ವಾಸನೆ ಹೊಡೆಯಿತು, ಅಷ್ಟೆ. ಆದರೆ ಹೊಗೆಯಂತೂ ಕಂಡಿತ್ತಲ್ಲ.

ಕೊಟ್ಟ ಮಾತನ್ನು ಮಾವ ನೆನಪಿಸಬೇಕಾಗಿಯೂ ಇರಲಿಲ್ಲ. ಅಕ್ಕ ಮುಖ ತೊಳೆದುಕೊಂಡು ಬಂದು, ಗೋಣಿಚೀಲ ತಂದು, ಕಟ್ಟೆಯ ಮೇಲಿನ ಚೀಲಗಳನ್ನು ಒಂದೊಂದಾಗಿ ಅದರೊಳಗೆ ಜೋಡಿಸತೊಡಗಿದಳು. ಎಲ್ಲದರ ಗುಂಡಿಯೂ ಹಸಿರೇ. ಯಾರ ಯಾರ ಮನೆಗೆ ಹೋಗಬೇಕೋ ಆ ಕ್ರಮದಲ್ಲಿ ಇಡುತ್ತಿದ್ದಳು.

"ಅಕ್ಕಾ, ಏನು ಮಾಡ್ತಿದ್ದೀಯಾ?"

"ಮಾತು ಕೊಟ್ಟಿದ್ದೆ ಕಣೇ" ಅಂದಳು. "ಮಾವ ಹೇಳಿದ್ದು ಸರಿ. ನೀನೂ ಒಳಗಿದ್ದೆ. ನಿಂಗೇನಾದ್ರೂ ಆಗಿದ್ರೆ?"

ನನಗೆ ಅಳುವೂ ಬಂತು, ಸಿಟ್ಟೂ ಬಂತು, ಸಿಟ್ಟೇ ಗೆದ್ದಿತು. ಹಿತ್ತಿಲಿಗೆ ಹೋಗಿ, "ನಿಮಗೆ ಖುಷಿಯಾಯ್ತಾ ಮಾವ?" ಎಂದು ಕೇಳಿಯೇಬಿಟ್ಟೆ. ಮಾವ ಮೆಟ್ಟಿಲ ಮೇಲೆ ಕೂತು, ಆರಿದ ಚೀಲವನ್ನು ತೊಡೆಯ ಮೇಲೆ ಹರವಿಕೊಂಡು ಬಿಚ್ಚದೆ ಉಳಿದ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಬೆಂಕಿ ಬಿದ್ದ ಮೇಲೆ ಮೊದಲು ಕೇಳೋದು, ಎಲ್ಲಿಂದ ಶುರುವಾಯ್ತು ಅಂತ. ಇದು ಯಾರದು? ಅವನನ್ನ ಕರ್ಕೊಂಡು ಬಾ" ಅಂದರು.

ಕರೆತರುವ ಕೆಲಸ ನನಗೆ ಹೇಳಿ ಮಾಡಿಸಿದ್ದು. ಬೀದಿಗಿಳಿದೆ. ಮೇಷ್ಟ್ರ ಕಾರು ತೆವಳುತ್ತಾ ಬರುತ್ತಿತ್ತು. ಸ್ಟೀರಿಂಗ್ ಹಿಡಿದಿದ್ದ ಕಲಿಯುವ ಹೆಂಗಸಿನ ಹಣೆಯಲ್ಲಿ ಬೆವರು ಸುರಿಯುತ್ತಿತ್ತು. ನಾನು ಅಡ್ಡ ನಿಂತೆ, ಪಾಪ, ಕಾರು ತಾನಾಗಿಯೇ ಆಫ್ ಆಯಿತು. ಹಿಂದಿನ ಬಾಗಿಲು ತೆಗೆದು ಕೂತೆ.

"ಮೇಷ್ಟ್ರೇ, ನಿಮ್ಮ ಬ್ಯಾಟರಿ ಹೊತ್ಕೊಂಡ್ತು" ಎಂದೆ. ಇಷ್ಟೇ ಅಂದದ್ದು.

"ಅದು ಬಿದ್ದಿದ್ದು ಮೆತ್ತನೆ ಹುಲ್ಲಿನ ಮೇಲೆ!" ಅಂದರು ಮೇಷ್ಟ್ರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ಹೆಂಗಸು ಕೂಡ ತಿರುಗಿ ಅವರ ಮುಖ ನೋಡಿದಳು. ನಾನು ಬಾಯಿ ತೆರೆದವಳು ಅಂಗಡಿ ಬರುವ ತನಕ ಮುಚ್ಚಲಿಲ್ಲ. ಕಾರು ಮೊದಲನೇ ಗೇರಿನಲ್ಲೇ ಬಂದದ್ದರಿಂದ ಎಲ್ಲವನ್ನೂ ವಿವರವಾಗಿ ಹೇಳಲು ಸಮಯವೂ ಸಿಕ್ಕಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು, ಅದಕ್ಕೆ ನಮ್ಮಕ್ಕನ ಗೋಡೆ ಮಸಿಯಾಗಬೇಕೇ ಎಂದು ಕೇಳಿದೆ.

ಹಿತ್ತಿಲಿನಲ್ಲಿ ಮಾವ ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಠಾಣೆಯಲ್ಲಿದ್ದಾಗ ಹೀಗೇ ಕೇಳುತ್ತಿದ್ದರೇನೋ, ಮೆಲ್ಲಗೆ, ಒಂದಾದ ಮೇಲೆ ಒಂದು.

"ಯಾವತ್ತು ಬಿದ್ದಿದ್ದು?"

"ಶನಿವಾರ ಸಾರ್. ಶಿಷ್ಯರಿಬ್ಬರು ನೋಡ್ತಾ ಇದ್ರು... ನಾಚಿಕೆ ಆಯ್ತು."

"ಇವತ್ತು ಸೋಮವಾರ. ಅಲ್ಲೀತನಕ ಎಲ್ಲಿತ್ತು?"

"ಮನೇಲೇ."

"ಮನೇಲಿ ಎಲ್ಲಿ?"

"ಮಂಚದ ಕೆಳಗೆ ಸಾರ್. ಒಂದು ಡಬ್ಬೀಲಿ."

"ಯಾರ ಮಂಚ?"

ಮೇಷ್ಟ್ರು ಉತ್ತರ ಕೊಡಲು ಬಾಯಿ ತೆರೆದರು. ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ ಎಂಬುದು ಅವರ ಮುಖದಲ್ಲೇ ಕಂಡಿತು.

"ಮಗಳದು" ಅಂದರು ಕೊನೆಗೆ.

ಆ ಹುಡುಗಿ ನಮಗೆ ಗೊತ್ತು. ಈಗಷ್ಟೇ ಶಾಲೆಗೆ ಹೋಗತೊಡಗಿದವಳು, ಅವಳ ಯೂನಿಫಾರ್ಮಿನ ಉದ್ದ ಕಡಿಮೆ ಮಾಡಿದವಳೇ ನಾನು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ. ಒಳಗೆ ಅಕ್ಕ ಗೋಣಿಚೀಲದ ಬಾಯಿಗೆ ಹಗ್ಗ ಸುತ್ತುತ್ತಿದ್ದವಳು ಹಾಗೇ ನಿಂತಿದ್ದಳು.

ಮಾವ ಅವಳ ಕಡೆ ತಿರುಗಿದರು. "ಬಿಚ್ಚು ಅದನ್ನ."

"ಹೊಗೆ ಬಂತಲ್ಲ ಮಾವ. ನಾನು ಮಾತು..."

"ನಾನೇ ಹೇಳಿದ್ದು, ನಾನೇ ವಾಪಸ್ ತಗೊಂಡೆ. ಇದೇ ಹೊಗೆ ಮೊನ್ನೆ ರಾತ್ರಿ ಆ ಮಗು ಮಲಗಿದ್ದಾಗ ಬರಬಹುದಿತ್ತು. ಇಲ್ಲಿಗೆ ಬಂದ ಮೇಲೆ ಬಂತು. ನಿನ್ನ ಕಟ್ಟೆ ಮೇಲೆ, ನಿನ್ನ ಹೊಲಿಗೆ ಒಳಗೆ, ನಿನ್ನ ಕಣ್ಣೆದುರಿಗೆ. ನೀನು ಇದನ್ನ ಮುಚ್ಚಿದ್ರೆ ಈ ಚೀಲದಲ್ಲಿರೋದೆಲ್ಲ ಎಲ್ಲಿಗೆ ಹೋಗುತ್ತೆ ಹೇಳು? ಒಂದೊಂದು ಮನೇ ಮಂಚದ ಕೆಳಗೆ ಒಂದೊಂದು." ಮಾವನ ಕಣ್ಣು ಕೆಂಪಾಗಿತ್ತು, ಹೊಗೆಯಿಂದಲೋ ಏನೋ. "ಮೂವತ್ತು ವರ್ಷ ನಾನು ಹೊತ್ಕೊಂಡ ಮೇಲೆ ಹೋಗಿದ್ದೀನಮ್ಮ. ಒಂದು ಸಲಾನೂ ಮುಂಚೆ ಹೋಗಿಲ್ಲ."

ಅಕ್ಕ ಹಗ್ಗ ಕೈಬಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಹೋಗಿ ತಬ್ಬಿಕೊಂಡೆ. ಮಾವ ಆಕಾಶ ನೋಡುತ್ತಾ ನಿಂತರು.

ಆಗ ಮೇಷ್ಟ್ರು ಸಣ್ಣ ಸ್ವರದಲ್ಲಿ ಅಂದರು: "ಅಕ್ಕಾ... ಇನ್ನೂ ಎರಡಿವೆ."

"ಎಲ್ಲಿ?"

"ಅಲ್ಲೇ. ಹಳೇವು. ಅವೂ ಒಂದೊಂದು ಸಲ ಬಿದ್ದಿದ್ವು. ನೀವು ಕೇಳ್ತೀರಲ್ಲ ಅಂತ ಇಲ್ಲಿಗೆ ತರಲೇ ಇಲ್ಲ."

"ಹೆಂಡ್ತಿಗೆ ಫೋನ್ ಮಾಡಿ, ಮಗೂನ ಕರ್ಕೊಂಡು ಹೊರಗೆ ನಿಲ್ಲೋಕೆ ಹೇಳಿ" ಅಂದರು ಮಾವ. ಅಕ್ಕ ಕಣ್ಣೊರೆಸಿಕೊಂಡು ಆಗಲೇ ಎರಡು ಖಾಲಿ ಚೀಲ ಮೇಷ್ಟ್ರ ಕೈಗೆ ತುರುಕುತ್ತಿದ್ದಳು. ಮೇಷ್ಟ್ರು ಫೋನು ಕಿವಿಗಿಟ್ಟುಕೊಂಡೇ ಬೀದಿಗೆ ಬಿದ್ದು ಓಡಿದರು. ಇಸ್ತ್ರಿಯ ಅಂಗಿ ಪ್ಯಾಂಟಿನಿಂದ ಹೊರಬಂತು, ಒಂದು ಚಪ್ಪಲಿ ನಮ್ಮ ಬಾಗಿಲಲ್ಲೇ ಉಳಿಯಿತು. ಸ್ವಂತ ಕಾರು ಎದುರಿಗೇ ನಿಂತಿತ್ತು, ಅದು ಅವರಿಗೆ ಕಾಣಲೇ ಇಲ್ಲ. "ಸಾರ್, ನಾನೇನು ಮಾಡ್ಲಿ?" ಎಂದು ಆ ಹೆಂಗಸು ಕಿಟಕಿಯಿಂದ ಕೂಗಿದಳು.

"ಮೇಷ್ಟ್ರೇ, ಕಾರು!" ಎಂದು ನಾನೂ ಕೂಗಿದೆ.

"ಓಡ್ಲಿ ಬಿಡು" ಅಂದರು ಮಾವ.

ಅಕ್ಕ ಕಟ್ಟೆ ಒರೆಸಿ, ಗೋಣಿಚೀಲದಿಂದ ಒಂದೊಂದನ್ನೇ ತೆಗೆದು ಮತ್ತೆ ಜೋಡಿಸತೊಡಗಿದಳು. ಮೂಗು ಇನ್ನೂ ಸೊರಸೊರ ಅನ್ನುತ್ತಿತ್ತು. "ಮಾವ, ಸುಮ್ನೆ ನಿಂತ್ಕೋಬೇಡಿ, ಎರಡು ಬರ್ತಿವೆ, ಇನ್ನೊಂದು ತೊಟ್ಟಿಗೆ ಮರಳು ತುಂಬಿಸಿ" ಅಂದಳು. ಮಾವ ಬೇರೆ ಬೇರೆ ಚಪ್ಪಲಿಯಲ್ಲೇ ಬಕೆಟ್ ಎತ್ತಿಕೊಂಡು ಹೊರಟರು.